ವಜಾಗೊಂಡ ದಾವೆ ಮತ್ತು ಭರಿಸಲಾಗದ ನ್ಯಾಯಾಲಯ ಶುಲ್ಕ

ಭಾರತದ ಸಿವಿಲ್ ನ್ಯಾಯಾಲಯಗಳಲ್ಲಿ ದಾವೆ ಹೂಡುವವರು, ಎಂದರೆ ವಾದಿಗಳು, ತಮ್ಮ ಬೇಡಿಕೆಯ ಸ್ವರೂಪಕ್ಕೂ ಮೌಲ್ಯಕ್ಕೂ ತಕ್ಕಂತೆ ಶುಲ್ಕ ತೆರಬೇಕಾಗುತ್ತದೆ. ಕರ್ನಾಟಕದಲ್ಲಿ ಈ ಮೊತ್ತವನ್ನು 1958ರ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯನಿರ್ಣಯ ಅಧಿನಿಯಮವು ಗೊತ್ತುಪಡಿಸುತ್ತದೆ. ಸಾಲಸೋಲ ಮಾಡಿ ಶುಲ್ಕ ಕಟ್ಟಿದ ಕುಟುಂಬಕ್ಕೆ ದಾವೆ ವಜಾ ಆದೊಡನೆ ಮತ್ತೊಮ್ಮೆ ಅಷ್ಟೇ ಹಣ ಹೊಂದಿಸದೆ ಗತ್ಯಂತರವಿಲ್ಲವೆಂದು ತೋರುವುದು ಸಹಜ. ಆದರೆ ಅದನ್ನು ನಿರ್ಧರಿಸುವುದು ವಜಾಕ್ಕೆ ಆದೇಶದಲ್ಲಿ ನಮೂದಾದ ಕಾರಣವಾದ್ದರಿಂದ, ಮೊದಲ ಖರ್ಚು ಆ ಆದೇಶದ ದೃಢೀಕೃತ ನಕಲಿಗೇ ಆಗಬೇಕು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ ಪ್ರಕಾರ, ಪ್ರತಿವಾದಿ ಹಾಜರಿದ್ದು ವಾದಿ ಮಾತ್ರ ಗೈರಾದ ಕಾರಣಕ್ಕೆ ದಾವೆ ವಜಾ ಆಗಿದ್ದರೆ, ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಗೈರುಹಾಜರಿಗೆ ಸಕಾರಣ ತೋರಿಸಿ ಹಳೆಯ ದಾವೆಯನ್ನು ಮತ್ತೆ ಕಡತಕ್ಕೆ ತರುವಂತೆ, ಎಂದರೆ ಪುನಃಸ್ಥಾಪಿಸುವಂತೆ, ಅರ್ಜಿ ಸಲ್ಲಿಸಬೇಕು. ಇಬ್ಬರೂ ಗೈರಾಗಿದ್ದರೆ ಹೊಸ ದಾವೆ ಮತ್ತು ಪುನಃಸ್ಥಾಪನೆ ಎಂಬ ಎರಡು ದಾರಿಗಳೂ ತೆರೆದಿರುತ್ತವೆಯಾದರೂ, ಪುನಃಸ್ಥಾಪನೆಯಲ್ಲಿ ಹಿಂದೆ ಕಟ್ಟಿದ ಶುಲ್ಕವೇ ಊರ್ಜಿತವಾಗಿ ಉಳಿಯುವುದರಿಂದ ಕೈಯಲ್ಲಿ ಹಣವಿಲ್ಲದವರಿಗೆ ಅದೇ ಲೇಸು. ಇದಕ್ಕೆ 1963ರ ಕಾಲಮಿತಿ ಅಧಿನಿಯಮವು ವಜಾ ಆದ ದಿನದಿಂದ ಕೇವಲ 30 ದಿನಗಳ ಅವಧಿಯನ್ನು ನೀಡುತ್ತದೆ. ಶುಲ್ಕದ ಕೊರತೆಯಿಂದ ವಾದಪತ್ರವೇ ತಿರಸ್ಕೃತವಾಗಿದ್ದರೆ, 7ನೆಯ ಆದೇಶದ 13ನೆಯ ನಿಯಮದಂತೆ ಕಾಲಮಿತಿ ಮೀರದಿರುವವರೆಗೆ ಹೊಸ ವಾದಪತ್ರ ಸಲ್ಲಿಸಬಹುದು. ಪೂರ್ಣ ವಿಚಾರಣೆಯ ನಂತರ ಗುಣಾವಗುಣಗಳ ಮೇಲೆ ವಜಾ ಆದ ದಾವೆಗಾದರೋ ಸಾಮಾನ್ಯವಾಗಿ ಮೇಲ್ಮನವಿಯೇ ಮಾರ್ಗ.

ಹೊಸ ದಾವೆ ಅನಿವಾರ್ಯವಾದಾಗ, ಶುಲ್ಕ ತೆರುವಷ್ಟು ಸಾಧನವಿಲ್ಲದವರು ನಿರ್ಗತಿಕ ವ್ಯಕ್ತಿಯಾಗಿ ದಾವೆ ಹೂಡಲು 33ನೆಯ ಆದೇಶದಡಿ ಅನುಮತಿ ಕೋರಬಹುದು. ಈ ಲೆಕ್ಕಾಚಾರದಲ್ಲಿ ಜಪ್ತಿಯಿಂದ ವಿನಾಯಿತಿ ಪಡೆದ ಸ್ವತ್ತನ್ನಾಗಲಿ ದಾವೆಯ ವಿಷಯವಾದ ಆಸ್ತಿಯನ್ನಾಗಲಿ ಪರಿಗಣಿಸುವುದಿಲ್ಲವಾದ್ದರಿಂದ, ಕೋಟಿ ಬೆಲೆಯ ಜಮೀನಿನಲ್ಲಿ ಪಾಲು ಕೇಳುವ ವಿಧವೆಯೂ ಕಾನೂನಿನ ಕಣ್ಣಿನಲ್ಲಿ ನಿರ್ಗತಿಕಳಾಗಿರಬಹುದು. ಅರ್ಜಿಯೊಂದಿಗೆ ಚರ ಮತ್ತು ಸ್ಥಿರ ಆಸ್ತಿಗಳೆಲ್ಲದರ ಅಂದಾಜು ಬೆಲೆಯ ಪಟ್ಟಿಯನ್ನು ಪ್ರಾಮಾಣಿಕವಾಗಿ ಕೊಡಬೇಕು. ಅನುಮತಿ ಪಡೆಯುವ ಸಲುವಾಗಿ ಅರ್ಜಿಗೆ ಹಿಂದಿನ ಎರಡು ತಿಂಗಳೊಳಗೆ ಆಸ್ತಿಯನ್ನು ವಂಚನೆಯಿಂದ ಪರಭಾರೆ ಮಾಡಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಅರ್ಜಿ ಸಲ್ಲಿಸಿದ ದಿನವನ್ನೇ ದಾವೆ ಹೂಡಿದ ದಿನವೆಂದು ಕಾಲಮಿತಿಯ ಗಣನೆಗೆ ಹಿಡಿಯುವುದರಿಂದ, ಹಣ ಕೂಡಿಬರಲೆಂದು ಕಾಯುತ್ತ ಹಕ್ಕನ್ನೇ ಕಳೆದುಕೊಳ್ಳುವ ಅಗತ್ಯವಿಲ್ಲ.

ಆದರೆ ಇದು ಶುಲ್ಕದ ಮನ್ನಾ ಅಲ್ಲ, ಮುಂದೂಡಿಕೆ. ವಾದಿ ಗೆದ್ದರೆ ಸರ್ಕಾರವು ಆ ಮೊತ್ತವನ್ನು ನ್ಯಾಯಾಲಯ ನಿರ್ದೇಶಿಸಿದ ಪಕ್ಷಕಾರರಿಂದ ವಸೂಲು ಮಾಡುತ್ತದೆ, ಮತ್ತು ದಾವೆಯ ವಿಷಯವಸ್ತುವಿನ ಮೇಲೆ ಅದಕ್ಕೆ ಪ್ರಥಮ ಹಕ್ಕಿರುತ್ತದೆ. ಸೋತರೆ ವಾದಿಯೇ ಅದನ್ನು ತೆರಬೇಕು. ಆದ್ದರಿಂದ ಕುಟುಂಬದ ಆಯವ್ಯಯದಲ್ಲಿ ಇದನ್ನು ಮುಂದೆ ತೀರಿಸಬೇಕಾಗಬಹುದಾದ ಸಾಲವೆಂದೇ ಬರೆದಿಡುವುದು ವಿವೇಕ. ಸ್ವಂತ ಕುಟುಂಬದ ಆಸ್ತಿ ವ್ಯಾಜ್ಯದ ಖರ್ಚುವೆಚ್ಚವನ್ನು ಬರೆದಿಡುತ್ತ ಬಂದ ಈ ಅಂಕಣದ ಲೇಖಕರ ಅನುಭವದಲ್ಲಿ, ಶುಲ್ಕವನ್ನು ಒಮ್ಮೆ ಕಟ್ಟಿ ಮುಗಿಸಬಹುದಾದರೂ, ನಕಲುಗಳು, ಬಸ್ಸಿನ ದರ ಮತ್ತು ಪ್ರತಿ ವಾಯಿದೆಗೆ ತಪ್ಪುವ ದಿನಗೂಲಿ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ.

ಈ ಹೊರೆಯನ್ನು ಇಳಿಸಲೆಂದೇ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮು ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರೇ ಮೊದಲಾದವರಿಗೆ ಆದಾಯದ ಮಿತಿಯಿಲ್ಲದೆ, ಇತರರಿಗೆ ನಿಗದಿತ ಆದಾಯದೊಳಗೆ, ಉಚಿತ ಕಾನೂನು ನೆರವಿನ ಹಕ್ಕನ್ನು ನೀಡಿದೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ವಜಾ ಆದೇಶದ ನಕಲಿನೊಂದಿಗೆ ಆ 30 ದಿನಗಳೊಳಗೇ ಹೋಗುವುದು, ಕೈಸಾಲಕ್ಕಾಗಿ ಅಲೆಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.