ನೀರು ಬತ್ತದ ಚೊಂಬು

ಮಕ್ಕಳೇ, ನಿಮ್ಮ ಓಣಿಗೆ ಗಂಟೆ ಬಾರಿಸುತ್ತ ಸುಡುಗಾಡು ಸಿದ್ಧರು ಬಂದದ್ದನ್ನು ನೋಡಿದ್ದೀರಾ? ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆಯ ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ, ಹೇಳುತ್ತಾರೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಒಬ್ಬರು ನಮ್ಮ ಮನೆಯ ಕಟ್ಟೆಯ ಮುಂದೆ ಜೋಳಿಗೆ ಇಳಿಸಿ, ಮೂರು ಬಟ್ಟಲುಗಳನ್ನು ಬೋರಲು ಹಾಕಿದರು. "ತಮ್ಮಾ, ಕಲ್ಲು ಯಾವುದರಾಗ ಐತಿ ಹೇಳು" ಎಂದರು. ನಾನು ಕಣ್ಣು ಮಿಟುಕಿಸದೆ ನೋಡಿದ್ದೆ. ಆದರೂ ನಾನು ತೋರಿಸಿದ ಬಟ್ಟಲು ಖಾಲಿ! ಎರಡನೆಯ ಸಲವೂ ಖಾಲಿ. ಕೊನೆಗೆ ಕಲ್ಲು ನನ್ನ ಕಿವಿಯ ಹಿಂದಿನಿಂದ ಬಂತು. ಅವ್ವ ನಗುತ್ತ ಒಂದು ಸೇರು ಜೋಳ ತಂದು ಜೋಳಿಗೆಗೆ ಸುರಿದಳು.

ಈ ಕಲೆಗೆ ಕೈಚಳಕ ಎಂದು ಹೆಸರು. ಸುಡುಗಾಡು ಸಿದ್ಧರು ಅಲೆಮಾರಿಗಳು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಈ ಸಮುದಾಯದ ಹೆಸರಿದೆ. ಮಕ್ಕಳು ವಿದ್ಯೆಯನ್ನು ಹಿರಿಯರಿಂದ ನೋಡಿಯೇ ಕಲಿಯುತ್ತಿದ್ದರು. ಆಟ ನಡೆಯದ ದಿನ ಕಾಳೂ ಇಲ್ಲ. ಬಿಡಾರ ಎದ್ದರೆ ಮಕ್ಕಳ ಶಾಲೆಯೂ ತಪ್ಪುತ್ತಿತ್ತು. ಪರದೆ ಇಲ್ಲ, ದೀಪ ಇಲ್ಲ, ಸುತ್ತಲೂ ಜನ, ನಡು ಹಗಲು. ವೇದಿಕೆಯ ಜಾದೂಗಿಂತ ಇದೇ ಕಷ್ಟ ಎಂದು ನನಗನ್ನಿಸುತ್ತದೆ.

ಹಾಗಾದರೆ ನಾನು ಮೋಸಹೋದದ್ದು ಹೇಗೆ? ತಪ್ಪು ಕಣ್ಣಿನದಲ್ಲ, ಗಮನದ್ದು. ನಮ್ಮ ಮಿದುಳು ಒಂದೇ ಸಮಯಕ್ಕೆ ಎಲ್ಲದರ ಮೇಲೂ ಗಮನ ಇಡಲಾರದು. ಜಾದೂಗಾರ ತನ್ನ ಬಲಗೈಯನ್ನು ತಾನೇ ನೋಡಿದರೆ ನಾವೂ ಅದನ್ನೇ ನೋಡುತ್ತೇವೆ. ಕೆಲಸ ಎಡಗೈಯಲ್ಲಿ ಮುಗಿದಿರುತ್ತದೆ. ಬಟ್ಟಲಿನ ಗುಟ್ಟನ್ನು ಇದಕ್ಕಿಂತ ಹೆಚ್ಚು ಬಿಚ್ಚಿಡಲು ನನಗೆ ಮನಸ್ಸಿಲ್ಲ. ಅದು ಅವರ ಹೊಟ್ಟೆಪಾಡು.

ಇದೇ ವಿದ್ಯೆ ದೊಡ್ಡ ವೇದಿಕೆಗೂ ಏರಿತು. 1913ರಲ್ಲಿ ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಪಿ. ಸಿ. ಸರ್ಕಾರ್ 'ಇಂದ್ರಜಾಲ' ಎಂಬ ಪ್ರದರ್ಶನದೊಂದಿಗೆ ದೇಶ ದೇಶ ಸುತ್ತಿದರು. 1956ರ ಏಪ್ರಿಲ್ 9ರಂದು ಲಂಡನ್ನಿನ ಬಿಬಿಸಿ ಟೆಲಿವಿಷನ್ನಿನಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಎರಡು ತುಂಡು ಮಾಡಿದಂತೆ ತೋರಿಸಿದರು. ಅವಳು ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ಸಮಯ ಮುಗಿಯಿತು! ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ಜನ ಬಿಬಿಸಿಗೆ ಫೋನಿನ ಮೇಲೆ ಫೋನು ಮಾಡಿದರು. ಅವಳಿಗೆ ಏನೂ ಆಗಿರಲಿಲ್ಲ. 1971ರ ಜನವರಿ 6ರಂದು ಸರ್ಕಾರ್ ತೀರಿಕೊಂಡದ್ದೂ ಪ್ರವಾಸದಲ್ಲೇ, ಜಪಾನಿನಲ್ಲಿ.

ಅವರ ಪ್ರದರ್ಶನದಲ್ಲಿ ಒಂದು ಚೊಂಬು ಇರುತ್ತಿತ್ತು. ಅದರ ನೀರನ್ನೆಲ್ಲ ಸುರಿದು ಖಾಲಿ ಎಂದು ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿಸಿದರೆ ಮತ್ತೆ ನೀರು! ಇಂಥ ಚೊಂಬಿನ ಜಾದು ಬಹಳ ಹಳೆಯದು, ಗುಟ್ಟೂ ಬಯಲಾಗಿ ಬಹಳ ಕಾಲವಾಗಿದೆ. ಹಾಗಾಗಿ ಹೇಳಬಹುದು. ಚೊಂಬಿನೊಳಗೆ ಇನ್ನೊಂದು ಚೊಂಬು ಇರುತ್ತದೆ. ಎರಡರ ನಡುವಿನ ಸಂದಿಯಲ್ಲಿ ನೀರು ಅಡಗಿರುತ್ತದೆ. ಒಳಚೊಂಬಿನ ತಳದಲ್ಲಿ ಒಂದು ತೂತು. ಹೊರಗಡೆ ಕುತ್ತಿಗೆಯ ಹತ್ತಿರ ಸಂದಿಗೆ ಗಾಳಿ ಹೋಗಲು ಇನ್ನೊಂದು ಸಣ್ಣ ತೂತು. ಇದನ್ನು ಬೆರಳಿನಿಂದ ಮುಚ್ಚಿದ್ದರೆ ಗಾಳಿ ಒಳಗೆ ಬಾರದು, ಅಡಗಿದ ನೀರು ಒಳಚೊಂಬಿಗೆ ಹರಿಯದು. ಬೆರಳು ತೆಗೆದರೆ ಒಳಚೊಂಬು ಮತ್ತೆ ತುಂಬುತ್ತದೆ. ಬೆರಳು ತೆಗೆದದ್ದನ್ನು ಯಾರೂ ಗಮನಿಸುವುದಿಲ್ಲ, ಅಷ್ಟೆ.

ನೀವೇ ಮಾಡಿ ನೋಡಿ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಪಕ್ಕಕ್ಕೆ, ತಳದಿಂದ ಎರಡು ಬೆರಳು ಮೇಲೆ, ದಬ್ಬಣದಿಂದ ಒಂದು ತೂತು ಮಾಡಿ. (ದಬ್ಬಣವನ್ನು ದೊಡ್ಡವರ ಕೈಗೆ ಕೊಡಿ.) ತೂತನ್ನು ಬೆರಳಿನಿಂದ ಒತ್ತಿ ಹಿಡಿದು ನೀರು ತುಂಬಿ, ಮುಚ್ಚಳ ಬಿಗಿಯಿರಿ. ಈಗ ಬಾಟಲಿಯನ್ನು ಹಿಸುಕದೆ ಬೆರಳು ತೆಗೆಯಿರಿ. ಒಂದೆರಡು ಹನಿ ಬಿದ್ದು ನೀರು ನಿಲ್ಲುತ್ತದೆ. ಹೊರಗಿನ ಗಾಳಿಯ ಒತ್ತಡ ಅದನ್ನು ತಡೆದಿದೆ. ಮುಚ್ಚಳ ಸಡಿಲಿಸಿ, ಧಾರೆ ಚಿಮ್ಮುತ್ತದೆ!

ಕೈಚಳಕದವರು ಆಟ ತೋರಿಸಿ ಜೋಳ ಕೇಳುತ್ತಾರೆ, ಅದರಲ್ಲಿ ಮೋಸವಿಲ್ಲ. ಇಂಥದ್ದೇ ಆಟ ತೋರಿಸಿ 'ಇದು ದೈವಶಕ್ತಿ, ರೋಗ ವಾಸಿ ಮಾಡುತ್ತೇನೆ' ಎನ್ನುವವರೂ ಇದ್ದಾರೆ. ನಿಂಬೆಹಣ್ಣು ಕೊಯ್ದು 'ರಕ್ತ' ತೋರಿಸುವುದನ್ನು ನೀವು ಕೇಳಿರಬಹುದು. ಚಾಕುವಿಗೆ ಮೊದಲೇ ಕೆಂಪು ದಾಸವಾಳದ ಎಸಳು ಉಜ್ಜಿ ಒಣಗಿಸಿದ್ದರೆ, ನಿಂಬೆಯ ಹುಳಿ ತಾಗಿದೊಡನೆ ಅದು ಕೆಂಪಾಗುತ್ತದೆ. ಇದನ್ನು ನಂಬಿ ಹಣ ಕಳೆದುಕೊಂಡರೆ ಮತ್ತೆ ದುಡಿಯಬಹುದು. ಆದರೆ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು ಕರೆದೊಯ್ದರೆ ಜೀವವೇ ಹೋದೀತು. ಹಾವಿನ ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದು. ಕಚ್ಚಿದ ಕಾಲನ್ನು ಅಲುಗಿಸದೆ, ಗಾಯ ಕೊಯ್ಯದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ಸಿಗದಂತೆ ತಡೆದು ಮಂತ್ರ ಹಾಕುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ. ಈ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ.

ಈಗ ಬಾಟಲಿಗೆ ಮರಳೋಣ. ಮುಚ್ಚಳ ಬಿಗಿಯಾಗಿಯೇ ಇರಲಿ. ಮೊದಲಿನ ತೂತಿಗಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ತೂತು ಮಾಡಿದರೆ ಏನಾಗುತ್ತದೆ? ನೀರು ಯಾವ ತೂತಿನಿಂದ ಬರುತ್ತದೆ, ಗಾಳಿ ಯಾವುದರಿಂದ ಒಳಹೋಗುತ್ತದೆ? ಮೊದಲು ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಮಾಡಿ ನೋಡಿ.