ಹಿತ್ತಿಲಿಗೆ ಯಾವ ಬೀಜ

ತಮ್ಮಾ, ಆಟೋಫ್ಲವರಿಂಗ್ ಗಾಂಜಾ ಬೀಜ ತರಿಸಿ ಕುಂಡದಲ್ಲಿ ಹಾಕಿ ನೋಡಬೇಕು ಅಂತಿದ್ದೇನೆ ಎಂದು ನನ್ನೆದುರು ಬಾಯಿಬಿಟ್ಟು ಹೇಳಿದೆಯಲ್ಲ, ಒಳ್ಳೆಯದಾಯಿತು. ಗುಟ್ಟಾಗಿ ಮಾಡಿದ್ದರೆ ನನ್ನ ಮಾತು ನಿನಗೆ ತಲುಪುವಷ್ಟರಲ್ಲಿ ಕೆಲಸ ಕೈಮೀರಿ ಹೋಗಿರುತ್ತಿತ್ತು. ಬೇಡ ಅನ್ನುವುದೇ ನನ್ನ ಮಾತು. ಆದರೆ ಓದಿದ ಹುಡುಗ, ಯಾಕೆ ಎಂದು ಕೇಳುತ್ತೀಯ. ಕೇಳಲೇಬೇಕು.

ಗೆಳೆಯರು ನಿನ್ನ ತಲೆಗೆ ತುಂಬಿದ ಕಾನೂನು ಅರ್ಧ ನಿಜ. ಹೂವಿನ ತೆನೆ ಜತೆಗಿಲ್ಲದ ಬರೀ ಎಲೆ, ಬರೀ ಬೀಜ 1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ‘ಗಾಂಜಾ’ ಅಲ್ಲ, ಹೌದು. ಒಂದು ಕಿಲೋವರೆಗೆ ಸಣ್ಣ ಪ್ರಮಾಣ ಅನ್ನುವುದೂ ಹೌದು. ಆದರೆ ಅದೇ ಕಾಯ್ದೆಯ 8ನೇ ಕಲಮು ಗಿಡ ಬೆಳೆಸುವುದನ್ನೇ ಬೇರೆಯಾಗಿ ನಿಷೇಧಿಸಿದೆ. ಅಲ್ಲಿ ಜಾತಿಭೇದವಿಲ್ಲ, ಕುಳ್ಳ ತಳಿ, ಎತ್ತರದ ತಳಿ, ಆಟೋಫ್ಲವರ್ ಎಲ್ಲವೂ ಒಂದೇ. ಒಂದು ಗಿಡಕ್ಕೆ ವಿನಾಯಿತಿ ಎಂದು ಎಲ್ಲೂ ಬರೆದಿಲ್ಲ. ಬೆಳೆದವನಿಗೆ 20ನೇ ಕಲಮಿನಲ್ಲಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ತೂಕದ ಲೆಕ್ಕವೆಲ್ಲ ಮಾಲು ಇಟ್ಟುಕೊಂಡವನಿಗೆ, ಸಾಗಿಸಿದವನಿಗೆ; ನೆಟ್ಟವನಿಗಲ್ಲ.

ಇನ್ನೊಂದು ಸಂಗತಿ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ತನ್ನ ಜಾಗದಲ್ಲಿ ಇಂಥ ಗಿಡ ಬೆಳೆದಿದ್ದನ್ನು ತಿಳಿದೂ ಅಧಿಕಾರಿಗಳಿಗೆ ತಿಳಿಸದ ಭೂಮಾಲೀಕನೂ 46ನೇ ಕಲಮಿನಡಿ ಶಿಕ್ಷೆಗೆ ಗುರಿ. ಗೊತ್ತಿದ್ದೂ ಮನೆಯಲ್ಲಿ ಇದಕ್ಕೆ ಅವಕಾಶ ಕೊಟ್ಟವರಿಗೆ 25ನೇ ಕಲಮು ಇದೆ. ಈ ಮನೆಯ ಉತಾರ ನಿನ್ನ ಹೆಸರಿನಲ್ಲಿಲ್ಲ, ಅಜ್ಜಿಯ ಹೆಸರಿನಲ್ಲಿದೆ. ಕಾಳಿ ಹೊಳೆಗೆ ಅಣೆಕಟ್ಟು ಕಟ್ಟಿದಾಗ ಗದ್ದೆ, ತೋಟ ನೀರಿಗೆ ಬಿಟ್ಟು ಎದ್ದು ಬಂದ ಜನ ನಾವು. 2019ರಲ್ಲಿ, ಮತ್ತೆ 2021ರಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದು ಹೊಳೆ ಮನೆಯೊಳಗೆ ನುಗ್ಗಿದಾಗ ಕೆಳಗಿನವರೆಲ್ಲ ಪಾತ್ರೆ ಪಗಡೆ ಕಳೆದುಕೊಂಡರು. ಉಳಿದ ನಾಲ್ಕು ಗುಂಟೆಯ ಯಜಮಾನಿಯನ್ನು ಈ ವಯಸ್ಸಿನಲ್ಲಿ ಪೊಲೀಸರ ಪಂಚನಾಮೆಗೆ ನಿಲ್ಲಿಸುವ ಹಕ್ಕು ನಿನಗಿಲ್ಲ. ಈ ಒಂದು ಮಾತಿನಲ್ಲಿ ನಾನು ಕಠಿಣನಾಗಿಯೇ ಇರುತ್ತೇನೆ.

ನಿನ್ನ ಅನ್ನದ ದಾರಿಯನ್ನೂ ನೋಡು. ಇಲ್ಲಿ ಕೆಲಸವೆಂದರೆ ಕೈಗಾ ಅಣುಸ್ಥಾವರ, ಕೆಪಿಸಿ, ಅರ್ಗಾದ ನೌಕಾನೆಲೆ. ಗುತ್ತಿಗೆಯ ಕೆಲಸಕ್ಕೆ ಗೇಟ್ ಪಾಸ್ ಬೇಕೆಂದರೂ ಪೊಲೀಸ್ ವೆರಿಫಿಕೇಶನ್ ಆಗಬೇಕು. ಮುಂದೆ ಕೋರ್ಟು ನಿನ್ನನ್ನು ಬಿಟ್ಟರೂ ಅಲ್ಲಿಯವರೆಗಿನ ವರ್ಷಗಳು ಕಾರವಾರದ ಕೋರ್ಟಿನ ತಾರೀಖಿಗೆ ಓಡಾಡುವುದರಲ್ಲೇ ಹೋಗುತ್ತವೆ.

ಜರ್ಮನಿಯಲ್ಲಿ ಬೆಳೆಯಬಹುದಲ್ಲ ಅಂತೀಯ. ಬೆಳೆಯಬಹುದು, 2024ರ ಏಪ್ರಿಲ್‌ನಿಂದ ಅಲ್ಲಿನ ವಯಸ್ಕರು ಮನೆಯಲ್ಲಿ ಮೂರು ಗಿಡ ಇಟ್ಟುಕೊಳ್ಳಬಹುದು. ಕೆನಡಾದ ಹೆಚ್ಚಿನ ಪ್ರಾಂತ್ಯಗಳಲ್ಲಿ 2018ರಿಂದ ಮನೆಗೆ ನಾಲ್ಕು. ನೀನು ಫೋನಿನಲ್ಲಿ ನೋಡುವ ವೀಡಿಯೋಗಳು ಅಂಥ ಊರುಗಳವು. ನಮ್ಮಲ್ಲೂ ಬ್ರಿಟಿಷರ ಕಾಲದ ಆಯೋಗವೊಂದು 1894ರಲ್ಲಿ ಪೂರ್ತಿ ನಿಷೇಧ ಬೇಡವೆಂದೇ ವರದಿ ಕೊಟ್ಟಿತ್ತು. 2020ರಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯುವ ಪರವಾಗಿ ಮತ ಹಾಕಿದ ದೇಶಗಳಲ್ಲಿ ಭಾರತವೂ ಇತ್ತು. ಉತ್ತರಾಖಂಡದಲ್ಲಿ ನಶೆಯ ಅಂಶ ತೀರ ಕಡಿಮೆಯಿರುವ ತಳಿಯನ್ನು ನಾರಿಗಾಗಿ, ಬೀಜಕ್ಕಾಗಿ ಪರವಾನಗಿ ಪಡೆದು ಬೆಳೆಯುತ್ತಾರೆ. ಕಾನೂನು ಬದಲಾಗಬೇಕೆಂದು ನಿನಗನಿಸಿದರೆ ಬರೆ, ವಾದ ಮಾಡು, ನನ್ನ ಜತೆಯೂ ಜಗಳ ಆಡು. ಅಜ್ಜಿಯ ಹಿತ್ತಿಲನ್ನು ಆ ವಾದದ ಪಣಕ್ಕೆ ಇಡಬೇಡ.

ಸೇದುವ ವಿಷಯ ನೀನು ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಶಿವರಾತ್ರಿಯ ಭಂಗಿ ಗೊತ್ತು, ಗೋಕರ್ಣ ನಮಗೇನು ದೂರವಲ್ಲ ಎಂದು ನೀನು ನಕ್ಕೀಯೆ. ಇವತ್ತಿನ ಸಂಕರ ತಳಿಗಳ ಹೂವಿನಲ್ಲಿ ನಶೆಯ ಅಂಶವಾದ ಟಿಎಚ್‌ಸಿ ಹಳೆಯ ಭಂಗಿಸೊಪ್ಪಿಗಿಂತ ಎಷ್ಟೋ ಪಾಲು ಹೆಚ್ಚು. ಮೆದುಳು ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರುವ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಹೆಚ್ಚು ಕಂಡುಬಂತು. ಮನೆತನದಲ್ಲಿ ಮನೋರೋಗ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ನಿನ್ನ ಗೆಳೆಯರಲ್ಲಿ ಯಾರಿಗಾದರೂ ಬಿಡಲಾಗದ ಸ್ಥಿತಿ ಬಂದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿಸು. ಮನಸ್ಸು ಕಂಗೆಟ್ಟಿದ್ದರೆ ಟೆಲಿ ಮಾನಸ್ 14416 ಇದೆ, ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆ ಉಂಟು. ನೆಟ್ಟು ಬೆಳೆದವನಿಗೆ ಆ ರಕ್ಷಣೆ ಇಲ್ಲ. ನಶೆಯ ವಿರುದ್ಧ ನಿಲ್ಲುವುದು ನಮ್ಮ ಕಡೆಗೆ ಹೊಸದಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಡಿನ ಅಜ್ಜಿ ಎಂದಷ್ಟೇ ಈಗಿನವರು ನೆನೆಯುತ್ತಾರೆ. ಊರಿನ ಗಂಡಸರನ್ನು ಸಾರಾಯಿ ತಿನ್ನುವುದನ್ನು ಕಂಡು ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದವರೂ ಅವರೇ.

ಈಗ ನಿನ್ನ ನಿಜವಾದ ಆಸೆಗೆ ಬರುತ್ತೇನೆ. ನೀನು ಆ ಬೀಜದ ಬಗ್ಗೆ ಹೇಳುವಾಗ ಕಣ್ಣರಳಿದ್ದು ನಶೆಗಲ್ಲ. ಬಿಸಿಲಿನ ಲೆಕ್ಕ ಬಿಟ್ಟು ತನ್ನ ವಯಸ್ಸಿನ ಲೆಕ್ಕದಲ್ಲಿ ಹೂ ಬಿಡುವ ಗಿಡ ಎಂಬ ಬೆರಗಿಗೆ. ಅದು ರಷ್ಯಾ, ಮಧ್ಯ ಏಷ್ಯಾ ಕಡೆಯ ಕುಳ್ಳ ಕಾಡುಗಿಡದಿಂದ ಬಂದ ಗುಣ. ಅಲ್ಲಿ ಬೇಸಿಗೆ ಗಿಡ್ಡ. ಹಗಲು ಮೋಟಾಗಲೆಂದು ಕಾದರೆ ಹಿಮ ಬಿದ್ದು ಬೀಜ ಕಟ್ಟುವುದಿಲ್ಲ. ಅದಕ್ಕೇ ಅದು ಕಾಯುವುದನ್ನೇ ಬಿಟ್ಟಿತು.

ಇದೇ ಬೆರಗು ನಮ್ಮ ಗದ್ದೆಯಲ್ಲಿದೆ. ಹಳೆಯ ಭತ್ತದ ಎಷ್ಟೋ ತಳಿಗಳು ಹಗಲು ಕಿರಿದಾದ ಮೇಲೆಯೇ ತೆನೆ ಹೊರಡುತ್ತಿದ್ದವು. 1968ರಲ್ಲಿ ಬಂದ ಜಯಾ ಆ ಹಂಗು ಕಳಚಿತು. ಅದಕ್ಕಿಂತ ಚೆನ್ನಾಗಿ ನಿನಗೆ ಕಾಣುವುದು ಅವರೆಯಲ್ಲಿ. ಕದ್ರಾದಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಎರಡು ಗಂಟೆಯಷ್ಟೂ ಅಂತರವಿಲ್ಲ. ಆ ಇಷ್ಟೇ ಅಂತರವನ್ನು ನಾಟಿ ಅವರೆ ಗುರುತಿಸುತ್ತದೆ! ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತಲೇ ಹೋಗುತ್ತದೆ, ಚಳಿ ಮೂಡುವವರೆಗೆ ಒಂದು ಹೂ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಈ ಹಟ ಬಿಡಿಸಿ ತೆಗೆದ ತಳಿಗಳು ಎಚ್‌ಎ-3, ಎಚ್‌ಎ-4. ಹಬ್ಬುವ ಬಳ್ಳಿಯಲ್ಲ, ಪೊದೆ. ಯಾವ ಕಾಲದಲ್ಲಿ ಹಾಕಿದರೂ ಸುಮಾರು ಒಂದೂವರೆ ತಿಂಗಳಿಗೆ ಹೂ. ಆಟೋಫ್ಲವರ್ ಅಂದರೆ ಇದೇ, ತಮ್ಮಾ. ವರ್ಷವಿಡೀ ಅವರೆಕಾಯಿ ಮಾರುಕಟ್ಟೆಗೆ ಬಂದದ್ದರಲ್ಲಿ ಇಂಥ ತಳಿಗಳ ಪಾಲು ದೊಡ್ಡದು.

ಹೋಳಿ ಮುಗಿದೊಡನೆ ಎರಡು ಸಾಲು ಮಾಡು. ಒಂದರಲ್ಲಿ ನಾಟಿ ಅವರೆ, ಇನ್ನೊಂದರಲ್ಲಿ ಎಚ್‌ಎ-4. ಒಂದೇ ಗೊಬ್ಬರ, ಒಂದೇ ನೀರು. ಮಳೆಗಾಲ ಹಿಡಿಯುವ ಮೊದಲೇ ಎರಡನೆಯ ಸಾಲಿನ ಕಾಯಿ ಕೀಳಬೇಕು, ಜೂನಿನ ನಮ್ಮ ಮಳೆಗೆ ಅವರೆ ನಿಲ್ಲುವುದಿಲ್ಲ. ಬಿತ್ತಿದ ತಾರೀಖು, ಮೊದಲ ಮೊಗ್ಗು, ಆ ದಿನದ ಸೂರ್ಯೋದಯ, ಸೂರ್ಯಾಸ್ತ ಎಲ್ಲ ಬರೆದಿಡು. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂದು ಅರಣ್ಯ ಇಲಾಖೆಯ ನರ್ಸರಿಯಲ್ಲಿ ನೋಡಿ ನೋಡಿಯೇ ಕಲಿತು ಪದ್ಮಶ್ರೀವರೆಗೆ ಹೋದರು. ನಿನ್ನ ಈ ಆಸಕ್ತಿ ವರ್ಷ ಕಳೆದರೂ ಉಳಿದರೆ ಶಿರಸಿಯ ಅರಣ್ಯ ಕಾಲೇಜು ಇದೆ. ಗಾಂಜಾ ಗಿಡವನ್ನೇ ಓದಬೇಕೆನಿಸಿದರೂ ದಾರಿ ಇದೆ. ಜಮ್ಮುವಿನ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಔಷಧಕ್ಕಾಗಿ ಪರವಾನಗಿಯ ಮೇಲೆ ಅದನ್ನು ಬೆಳೆದು ಸಂಶೋಧನೆ ನಡೆಸುತ್ತಾರೆ.

ನಾಟಿ ಅವರೆಯ ಬೀಜ ಅಜ್ಜಿಯ ಹತ್ತಿರ ಬೂದಿಯಲ್ಲಿ ಕಲಸಿಟ್ಟದ್ದಿದೆ, ಕೇಳಿ ತಗೋ. ಹೆಬ್ಬಾಳದ ಬೀಜ ನಾನು ತರಿಸಿಕೊಡುತ್ತೇನೆ.