ಆಗಸ್ಟ್‌ನಲ್ಲಿ ಬಂದು ನೋಡು

ಪುಟ್ಟಾ,

ನೀನು ಕಳಿಸಿದ ಎಕ್ಸೆಲ್ ಹಾಳೆಯನ್ನು ಎರಡು ಸಲ ಓದಿದೆ. ರಾಲಿ, ಗ್ರೀನ್‌ವಿಲ್, ಚಾಟನೂಗ, ಹಂಟ್ಸ್‌ವಿಲ್, ಬರ್ಮಿಂಗ್‌ಹ್ಯಾಮ್. ಐದು ಊರು, ಹದಿನಾಲ್ಕು ಕಾಲಂ. ಬಾಡಿಗೆ, ಮನೆಯ ಬೆಲೆ, ತೆರಿಗೆ, ಶಾಲೆಗೆ ಹತ್ತಕ್ಕೆ ಎಷ್ಟು ಅಂಕ, ದೇವಸ್ಥಾನ ಎಷ್ಟು ದೂರ, ಇಂಡಿಯನ್ ಅಂಗಡಿ ಎಷ್ಟು ದೂರ, ಎಲ್ಲ ಇದೆ. ನ್ಯೂಜೆರ್ಸಿಯ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ದಕ್ಷಿಣದ ಕಡೆ ಮುಖ ಮಾಡಿದ್ದೀರಿ, ಅದರಲ್ಲಿ ತಪ್ಪೇನೂ ಇಲ್ಲ. ನಿನ್ನ ಲೆಕ್ಕದಲ್ಲೂ ತಪ್ಪಿಲ್ಲ. ಆದರೆ ಅದೆಲ್ಲ ಎಲ್ಲವೂ ಸರಿಯಾಗಿ ನಡೆಯುವ ದಿನದ ಲೆಕ್ಕ. ಕೆಲಸ ಹೋದ ದಿನಕ್ಕೆ ಅದರಲ್ಲಿ ಕಾಲಂ ಇಲ್ಲ. ಒಂದು ವಾರ ಕರೆಂಟ್ ಇಲ್ಲದೆ ಕೂರುವುದಕ್ಕೆ ಇಲ್ಲ. ನೀನು ಲ್ಯಾಪ್‌ಟಾಪ್ ಮುಂದಿರುವಾಗ ನಿನ್ನ ಹೆಂಡತಿ ಮಧ್ಯಾಹ್ನ ಕಳೆಯುವುದು ಹೇಗೆ ಎನ್ನುವುದಕ್ಕೂ ಇಲ್ಲ. ರಾಲಿ ಪಕ್ಕದ ಈ ಕ್ಯಾರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದೇನೆ. ನನಗೆ ಹೇಳಬೇಕೆನಿಸಿದ್ದು ಆ ದಿನಗಳ ವಿಷಯವೇ.

ಮೊದಲು ಕೆಲಸ. ನೀನು ಪ್ರತಿ ಊರಿನ ಎದುರಿಗೂ ಒಂದು ಕೆಲಸ ಬರೆದಿದ್ದೀಯ. ನಾನಾಗಿದ್ದರೆ ಎರಡನೆಯದನ್ನು ಹುಡುಕುತ್ತಿದ್ದೆ. 2001ರಲ್ಲಿ ಟೆಲಿಕಾಂ ಕಂಪನಿಗಳು ಕುಸಿದಾಗ ನಿಮ್ಮ ದೊಡ್ಡಪ್ಪನ ಕೆಲಸ ಹೋಯಿತು. ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೋದವರು ಹನ್ನೊಂದು ಗಂಟೆಗೆಲ್ಲ ವಾಪಸು ಬಂದರು. ಕಾರು ಗ್ಯಾರೇಜಿಗೆ ಬಂದ ಸದ್ದು ಕೇಳಿಸಿತು, ಆದರೆ ಅರ್ಧ ಗಂಟೆಯಾದರೂ ಅವರು ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು. ಡಬ್ಬಿ ಪಕ್ಕದ ಸೀಟಿನಲ್ಲಿತ್ತು, ಚಿತ್ರಾನ್ನ ಇನ್ನೂ ಬೆಚ್ಚಗಿತ್ತು. ನಾಲ್ಕು ತಿಂಗಳು ಕಷ್ಟಪಟ್ಟೆವು. ಕಡೆಗೆ ಸಿಕ್ಕ ಕೆಲಸ ಮನೆಯಿಂದ ಹನ್ನೆರಡು ಮೈಲಿ ದೂರದಲ್ಲಿತ್ತು, ಮಕ್ಕಳ ಶಾಲೆ ಬದಲಾಗಲಿಲ್ಲ. ಅದು ನಮ್ಮ ಜಾಣತನ ಅಲ್ಲ, ಊರಿನ ಗುಣ. ರಾಲಿ, ಡರಮ್, ಚಾಪೆಲ್ ಹಿಲ್ ಈ ಮೂರು ಊರುಗಳ ಮೂರು ವಿಶ್ವವಿದ್ಯಾಲಯಗಳ ನಡುವೆ 1959ರಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಕಟ್ಟಿದರು. ಹೊಗೆಸೊಪ್ಪು, ಬಟ್ಟೆ ಗಿರಣಿ, ಪೀಠೋಪಕರಣ ಬಿಟ್ಟರೆ ಬೇರೆ ಗತಿ ಇಲ್ಲದ ರಾಜ್ಯ, ಓದಿದ ಮಕ್ಕಳು ಊರು ಬಿಟ್ಟು ಹೋಗದಿರಲಿ ಅಂತ ಮಾಡಿದ ಕೆಲಸ ಅದು. ಔಷಧಿ, ಸಾಫ್ಟ್‌ವೇರ್, ಆಸ್ಪತ್ರೆ, ಸರ್ಕಾರ ಎಲ್ಲ ಒಂದೇ ಕಡೆ ಸೇರಿರುವುದರಿಂದ ಒಂದು ಮುಳುಗಿದರೆ ಇನ್ನೊಂದು ಕೈ ಹಿಡಿಯುತ್ತದೆ. ಅದೇ ಸಮಯಕ್ಕೆ ಕೆಲಸ ಕಳೆದುಕೊಂಡ ನಮ್ಮ ಸ್ನೇಹಿತರೊಬ್ಬರು ಇದ್ದದ್ದು ಒಂದೇ ಕಾರ್ಖಾನೆಯ ಊರಿನಲ್ಲಿ. ಅವರು ಕೊಂಡ ಬೆಲೆಗೂ ಕಡಿಮೆಗೆ ಮನೆ ಮಾರಿ ಟೆಕ್ಸಸ್‌ಗೆ ಹೋದರು.

ನಮ್ಮ ಕೈಯಲ್ಲಿ ಆಗ ಗ್ರೀನ್ ಕಾರ್ಡ್ ಇತ್ತು, ನಾಲ್ಕು ತಿಂಗಳು ತಡೆದುಕೊಂಡೆವು. ನಿನ್ನದು ಎಚ್-1ಬಿ ವೀಸಾ, ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಿನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕು. ಅದಕ್ಕೇ ಹಂಟ್ಸ್‌ವಿಲ್ ಬಗ್ಗೆ ನನಗೆ ಹೆದರಿಕೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸ್ಯಾಟರ್ನ್-5 ರಾಕೆಟ್ ಅಲ್ಲಿ ರೂಪುಗೊಂಡಿತು ಅಂತ ನೀನು ಫೋನಿನಲ್ಲಿ ಹೇಳುವಾಗ ನಿನ್ನ ದನಿಯಲ್ಲಿದ್ದ ಸಂತೋಷ ನನಗೆ ಕೇಳಿಸಿತು. ಊರು ಚೆನ್ನಾಗಿಯೇ ಇದೆ, ಈಗ ಅಲಬಾಮದಲ್ಲಿ ಅತಿ ಹೆಚ್ಚು ಜನ ಇರುವ ಊರು ಅದೇ. ಆದರೆ ಅಲ್ಲಿನ ಕೆಲಸಗಳಲ್ಲಿ ದೊಡ್ಡ ಪಾಲು ನಾಸಾ ಮತ್ತು ಸೇನೆಗೆ ಸೇರಿದ್ದು. ಸೇನೆಯ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್ ಕೇಳುತ್ತಾರೆ, ಅದಕ್ಕೆ ಅಮೆರಿಕದ ಪೌರತ್ವ ಬೇಕು. ಆ ಬಾಗಿಲು ನಿನಗೆ ಈಗ ತೆರೆಯುವುದಿಲ್ಲ. ನಿನ್ನ ಹಾಳೆಯಲ್ಲಿ ಆ ಊರಿನ ಎದುರಿಗಿರುವ ಕೆಲಸಗಳಲ್ಲಿ ನಿನಗೆ ಸಿಗದವನ್ನೆಲ್ಲ ಹೊಡೆದುಹಾಕಿ ಎಷ್ಟು ಉಳಿಯುತ್ತವೆ ನೋಡು.

ಇನ್ನೊಂದು ಮಾತು. ಮನೆಯಿಂದಲೇ ಕೆಲಸ, ಎಲ್ಲಿದ್ದರೇನು ಅಂತ ಚಾಟನೂಗಕ್ಕೆ ಹಸಿರು ಬಣ್ಣ ಹಚ್ಚಿದ್ದೀಯ. 1969ರಲ್ಲಿ ಇಡೀ ದೇಶಕ್ಕೇ ಅತಿ ಕೊಳಕು ಗಾಳಿಯ ಊರು ಅಂತ ಅನ್ನಿಸಿಕೊಂಡ ಆ ಊರು 2010ರ ಹೊತ್ತಿಗೆ, ಊರಿನದೇ ವಿದ್ಯುತ್ ಸಂಸ್ಥೆಯ ಮೂಲಕ ಮನೆಮನೆಗೂ ಗಿಗಾಬಿಟ್ ಇಂಟರ್ನೆಟ್ ಕೊಟ್ಟಿತು. ನದಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆಯನ್ನು ನಡೆಯುವವರಿಗೇ ಬಿಟ್ಟುಕೊಟ್ಟಿದ್ದಾರೆ. ಒಂದು ಸಂಜೆ ಆ ಸೇತುವೆಯ ಉದ್ದಕ್ಕೂ ನಡೆದಿದ್ದೇನೆ, ಮನಸ್ಸು ತುಂಬಿ ಬಂದಿತ್ತು. ಆದರೂ ಎಚ್-1ಬಿಯಲ್ಲಿ ಮನೆಯೇ ಆಫೀಸಾದರೂ ಕೆಲಸದ ಜಾಗ ಬೇರೆ ಮಹಾನಗರ ವಲಯಕ್ಕೆ ಬದಲಾದರೆ, ಕಂಪನಿ ಮೊದಲೇ ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಲಾರಿ ಬುಕ್ ಮಾಡುವ ಮುಂಚೆ ಕಂಪನಿಯ ವಕೀಲರ ಹತ್ತಿರ ಬರಹದಲ್ಲಿ ಉತ್ತರ ತೆಗೆದುಕೋ. ಮತ್ತೆ ಆ ಊರಿರುವ ಟೆನ್ನೆಸ್ಸಿಯಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ ನಿಜ, ಆದರೆ ಅಕ್ಕಿಬೇಳೆಗೂ ತೆರಿಗೆ ಕಟ್ಟಬೇಕು. ಉಳಿದ ಸಾಮಾನಿಗೆ ರಾಜ್ಯದ್ದೇ ಶೇ. 7, ಅದರ ಮೇಲೆ ಸ್ಥಳೀಯ ತೆರಿಗೆ ಬೇರೆ.

ಈಗ ನಿನ್ನ ಹೆಂಡತಿಯ ವಿಷಯ. ಹದಿನಾಲ್ಕು ಕಾಲಂಗಳಲ್ಲಿ ಅವಳ ಕೆಲಸಕ್ಕೆ ಒಂದೂ ಇಲ್ಲ, ಪುಟ್ಟಾ. ಇದನ್ನು ಓದಿದಾಗ ನನಗೆ ನೋವಾಯಿತು. ಮೈಸೂರಿನಲ್ಲಿ ಮೈಕ್ರೊಬಯಾಲಜಿ ಓದಿ ಲ್ಯಾಬಿನಲ್ಲಿ ದುಡಿದವಳು ಈಗ ನಿನ್ನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿ ಮನೆಯಲ್ಲಿದ್ದಾಳೆ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ನಿನ್ನ ಐ-140 ಅರ್ಜಿ ಮಂಜೂರಾದರೆ ಅವಳೂ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, 2015ರಿಂದ ಈ ನಿಯಮ ಇದೆ. ಆ ಕಾರ್ಡ್ ಕೈಗೆ ಬಂದ ದಿನ ಅವಳಿಗೆ ಹೊಂದುವ ಲ್ಯಾಬ್ ಆ ಊರಿನಲ್ಲಿ ಇರಬೇಕಲ್ಲ? ಡರಮ್ ಕಡೆ ಔಷಧಿ ಮತ್ತು ಜೈವಿಕ ತಂತ್ರಜ್ಞಾನದ ಕಂಪನಿಗಳಿವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ, ಸಂಶೋಧನಾ ಕೇಂದ್ರ ಇದೆ. ಗ್ರೀನ್‌ವಿಲ್‌ನ ಬಲ ಮೋಟಾರು ಮತ್ತು ಟೈರ್ ತಯಾರಿಕೆಯಲ್ಲಿ: ಪಕ್ಕದ ಗ್ರಿಯರ್‌ನಲ್ಲಿ ಬಿಎಂಡಬ್ಲ್ಯು, ಊರಲ್ಲೇ ಮಿಶಲಿನ್. ಊರ ನಡುವಿನ ಜಲಪಾತ ನೋಡಿದವರೆಲ್ಲ ಅಲ್ಲಿ ಮನೆ ಮಾಡಬೇಕು ಅನ್ನುತ್ತಾರೆ. ಅವಳಿಗೆ ಅಲ್ಲಿ ಏನಿದೆ ಅಂತ ಅವಳೇ ಹುಡುಕಿ ಹೇಳಲಿ, ನೀನು ಊಹೆ ಮಾಡಬೇಡ.

ಕಾರು ಓಡಿಸಲು ಬಾರದವರಿಗೆ ಇಲ್ಲಿನ ಊರುಗಳು ಬಹಳ ಚಿಕ್ಕವು. ನಿನ್ನ ಅಜ್ಜಿ 1998ರಲ್ಲಿ ಸಾಗರದಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದಳು. ದಿನಾ ಸಂಜೆ ನಾಲ್ಕಕ್ಕೆ ಸೀರೆ ಸರಿಮಾಡಿಕೊಂಡು, ಮೇಲೊಂದು ಸ್ವೆಟರ್ ಹಾಕಿಕೊಂಡು ಹೊರಡುತ್ತಿದ್ದಳು. ನಮ್ಮ ಬಡಾವಣೆಯ ಫುಟ್‌ಪಾತ್ ದೊಡ್ಡ ರಸ್ತೆಯವರೆಗೆ ಹೋಗಿ ಹುಲ್ಲಿನಲ್ಲಿ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ನಲವತ್ತೈದು ಮೈಲಿ ವೇಗದ ಕಾರುಗಳು. ಅಂಗಡಿ ಆಚೆ ಬದಿಗೆ ಕಣ್ಣಿಗೆ ಕಾಣುತ್ತಿತ್ತು. ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತು, ಕಾರುಗಳನ್ನು ನೋಡಿ ವಾಪಸು ಬರುತ್ತಿದ್ದಳು. ಒಂದು ದಿನ ಕೇಳಿದಳು, "ಇಲ್ಲಿ ಯಾರೂ ಯಾರ ಮನೆಗೂ ಸುಮ್ಮನೆ ಹೋಗುವುದಿಲ್ಲವೇನೇ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾರಿಯಲ್ಲಿ ಈಗ ವೆಂಕಟೇಶ್ವರ ದೇವಸ್ಥಾನ ಇದೆ, 2022ರಲ್ಲಿ 87 ಅಡಿಯ ರಾಜಗೋಪುರವೂ ಆಯಿತು. ಅಜ್ಜಿ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು. ಆದರೂ ನಮ್ಮ ಮನೆಯಿಂದ ಅವಳು ತಾನಾಗಿ ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ. ಊರು ಯಾವುದಾದರೂ ಆಗಲಿ, ಮನೆ ನೋಡುವಾಗ ಬಾಗಿಲಿನಿಂದ ಹೊರಟು ಹಾಲು ತರುವ ಅಂಗಡಿಯವರೆಗೆ ನಿನ್ನ ಹೆಂಡತಿ ನಡೆದು ನೋಡಲಿ. ನಡೆಯಲು ಆಗದ ಮನೆಗೆ ಒಂದು ಕೋಣೆ ಹೆಚ್ಚಿದೆ ಅಂತ ಮರುಳಾಗಬೇಡಿ.

ಹವೆಯ ಬಗ್ಗೆ ನೀನು ಬರೆದಿರುವುದು "ಚಳಿ ಕಡಿಮೆ" ಎಂಬ ಎರಡೇ ಪದ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ 90 ಡಿಗ್ರಿ ಫ್ಯಾರನ್‌ಹೀಟ್, ಜೊತೆಗೆ ಮೇ ತಿಂಗಳ ಮಂಗಳೂರಿನ ಸೆಕೆ. ಮಾರ್ಚ್ ಕೊನೆಗೆ ಪೈನ್ ಮರದ ಪರಾಗ ಕಾರು, ಕಿಟಕಿ, ಅಂಗಳದ ಮೇಲೆಲ್ಲ ಅರಿಸಿನ ಚೆಲ್ಲಿದ ಹಾಗೆ ಕೂರುತ್ತದೆ. ಮಗುವಿಗೆ ಉಬ್ಬಸ ಇದೆ ಅಂದಿದ್ದೀಯ, ಅದನ್ನು ಡಾಕ್ಟರ ಹತ್ತಿರ ಈಗಲೇ ಮಾತಾಡಿ. ಅಲಬಾಮದಲ್ಲಿ ಸುಂಟರಗಾಳಿ. 2011ರ ಏಪ್ರಿಲ್ 27ರಂದು ಆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಹಂಟ್ಸ್‌ವಿಲ್ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಅಲ್ಲಿ ಮನೆ ಹಿಡಿದರೆ ಸೈರನ್ ಕೂಗಿದಾಗ ಮಗುವನ್ನು ಎತ್ತಿಕೊಂಡು ಎಲ್ಲಿ ಕೂರಬೇಕು ಅಂತ ಮೊದಲ ದಿನವೇ ನೋಡಿಕೊಳ್ಳಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ 2014ರ ಜನವರಿಯಲ್ಲಿ ಬಿದ್ದದ್ದು ಒಂದೆರಡು ಇಂಚು ಹಿಮ. ರಸ್ತೆಯೆಲ್ಲ ಮಂಜುಗಡ್ಡೆಯಾಗಿ ಜನ ಕಾರುಗಳಲ್ಲೇ ರಾತ್ರಿ ಕಳೆದರು, ಮಕ್ಕಳು ಶಾಲೆಯಲ್ಲೇ ಮಲಗಿದರು. ಬೆಟ್ಟದ ಊರು ಸುರಕ್ಷಿತ ಅಂತ ಆಶ್‌ವಿಲ್‌ಗೆ ಹೋದವರು 2024ರಲ್ಲಿ ಹೆಲೀನ್ ಚಂಡಮಾರುತ ಬಂದ ಮೇಲೆ 53 ದಿನ ನಲ್ಲಿಯಲ್ಲಿ ಕುಡಿಯುವ ನೀರಿಲ್ಲದೆ ಇದ್ದರು.

ನಮ್ಮಲ್ಲೂ ಆಗಿದೆ. 2002ರ ಡಿಸೆಂಬರಿನಲ್ಲಿ ರಾತ್ರಿಯಿಡೀ ಮಳೆ ಸುರಿಯಿತು, ಬಿದ್ದಲ್ಲೇ ಹೆಪ್ಪುಗಟ್ಟಿತು. ಕತ್ತಲಲ್ಲಿ ಪೈನ್ ಕೊಂಬೆಗಳು ಒಂದೊಂದಾಗಿ ಮುರಿಯುವ ಸದ್ದು ಕೋವಿಯ ಈಡಿನ ಹಾಗೆ ಕೇಳುತ್ತಿತ್ತು, ದೂರದಲ್ಲಿ ಟ್ರಾನ್ಸ್‌ಫಾರ್ಮರ್ ಸಿಡಿದು ಆಕಾಶ ಹಸಿರಾಗುತ್ತಿತ್ತು. ಆರು ದಿನ ಕರೆಂಟ್ ಇಲ್ಲ. ಒಲೆಯೂ ಕರೆಂಟಿನದೇ, ಒಂದು ಲೋಟ ಕಾಫಿಗೂ ಗತಿ ಇಲ್ಲ. ಎರಡನೆಯ ದಿನ ಪಕ್ಕದ ಮನೆಯ ಅಜ್ಜ ತನ್ನ ಕ್ಯಾಂಪಿನ ಗ್ಯಾಸ್ ಒಲೆ ತಂದು ಹಿಂದಿನ ಜಗಲಿಯಲ್ಲಿಟ್ಟ. ಒಳಗೆ ಮಾತ್ರ ಹಚ್ಚಬೇಡಿ, ವಿಷದ ಗಾಳಿ ತುಂಬಿ ಉಸಿರು ಕಟ್ಟುತ್ತದೆ ಅಂತ ಮೂರು ಸಲ ಹೇಳಿದ. ನಾನು ಆ ಒಲೆಯ ಮೇಲೆ ಉಪ್ಪಿಟ್ಟು ಮಾಡಿ ಅವನಿಗೂ ಬಡಿಸಿದೆ. ಒಂದು ಚಮಚ ಬಾಯಿಗಿಟ್ಟು, "ಇದು ನಮ್ಮ ಗ್ರಿಟ್ಸ್ ಅಲ್ಲವೇ!" ಅಂದ. ಅವರು ಮೆಕ್ಕೆಜೋಳದ ರವೆಯಲ್ಲಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಹನ್ನೊಂದು ವರ್ಷ ಪಕ್ಕದಲ್ಲಿದ್ದು ಕೈ ಬೀಸುವುದಷ್ಟೇ ಆಗಿತ್ತು, ಆ ವಾರದ ಮೇಲೆ ಅವನು ನಮ್ಮ ಮನೆಯವನಾದ. ಆದ್ದರಿಂದ ಮನೆ ನೋಡಲು ಹೋದಾಗ ಏಜೆಂಟನ ಜೊತೆ ಮಾತ್ರ ಮಾತಾಡಿ ಬರಬೇಡ. ಅಕ್ಕಪಕ್ಕದ ಬಾಗಿಲು ತಟ್ಟು. ಹಿಂದಿನ ಸಲ ಕರೆಂಟ್ ಹೋದಾಗ ಎಷ್ಟು ದಿನಕ್ಕೆ ಬಂತು, ಮಳೆನೀರು ಎಲ್ಲಿ ನಿಲ್ಲುತ್ತದೆ ಅಂತ ಕೇಳು. ಅವರು ಏನು ಹೇಳುತ್ತಾರೆ ಎನ್ನುವುದರ ಜೊತೆಗೆ ಹೇಗೆ ಹೇಳುತ್ತಾರೆ ಎನ್ನುವುದನ್ನೂ ಗಮನಿಸು.

ಊರಿನ ಹಿಂದಿನ ಕಥೆಯನ್ನೂ ತಿಳಿದುಕೊಳ್ಳಿ. ಬರ್ಮಿಂಗ್‌ಹ್ಯಾಮ್‌ಗೆ ಹೋದರೆ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್ ನೋಡಿ ಬನ್ನಿ. 1963ರ ಸೆಪ್ಟೆಂಬರ್ 15ರಂದು ಅಲ್ಲಿ ಬಾಂಬ್ ಇಟ್ಟು ನಾಲ್ವರು ಕಪ್ಪು ಹೆಣ್ಣುಮಕ್ಕಳನ್ನು ಕೊಂದರು. ನಮ್ಮ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ 1960ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಸೇರಿ ಕಪ್ಪು ಜನರ ಸಮಾನ ಹಕ್ಕಿಗಾಗಿ ಅಹಿಂಸೆಯ ಹೋರಾಟಕ್ಕೆ ಸಂಘ ಕಟ್ಟಿದರು. ಆ ಹೋರಾಟ ಈ ದೇಶದ ಮನಸ್ಸನ್ನು ಅಲ್ಲಾಡಿಸಿದ ಮೇಲೆಯೇ 1965ರ ವಲಸೆ ಕಾನೂನು ಬಂದದ್ದು, ನಮ್ಮಂಥವರಿಗೆ ಬಾಗಿಲು ತೆರೆದದ್ದು. ಬೀದಿಯ ಒಂದು ಬದಿ ಯಾಕೆ ಬಡವಾಗಿದೆ, "ಒಳ್ಳೆಯ ಶಾಲೆ" ಅಂತ ಅಂಕ ಕೊಟ್ಟಿರುವ ಕಡೆ ಯಾರ ಮಕ್ಕಳು ಇಲ್ಲ ಅನ್ನುವುದನ್ನೂ ಊರು ನೋಡುವಾಗ ನೋಡಿ. ನಿನ್ನ ಮಗು ಬೆಳೆಯುವುದು ಅದರ ನಡುವೆ.

ನನಗೆ ರಾಲಿಯ ಮೇಲೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ನೀವು ಹತ್ತಿರ ಇದ್ದರೆ ನನಗೆ ಎಷ್ಟು ಬಲ ಅಂತ ಬೇರೆ ಹೇಳಬೇಕಿಲ್ಲ. ಅದಕ್ಕೇ ಇಲ್ಲಿಗೇ ಬಾ ಅಂತ ಒತ್ತಾಯ ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಡಾಗ್‌ವುಡ್ ಹೂ ಬಿಟ್ಟಾಗ ಬಂದು ನೋಡಿದರೆ ಐದೂ ಊರು ಚಂದವೇ. ಆಗಸ್ಟ್‌ನಲ್ಲಿ ಬನ್ನಿ, ವಾರದ ನಡುವೆ. ಒಂದೊಂದು ಊರಲ್ಲಿ ಮೂರು ದಿನ ಇರಿ, ಬೆಳಗ್ಗೆ ಎಂಟಕ್ಕೆ ಆಫೀಸಿನ ದಾರಿಯಲ್ಲಿ ಕಾರು ಓಡಿಸು, ಮಧ್ಯಾಹ್ನ ನಿನ್ನ ಹೆಂಡತಿ ಮಗುವಿನ ಜೊತೆ ಲೈಬ್ರರಿಗೆ ಹೋಗಿ ಬರಲಿ. ಇಲ್ಲಿಗೆ ಬಂದಾಗ ಮೇಲಿನ ಕೋಣೆ ಖಾಲಿ ಇದೆ, ಅಜ್ಜಿ ಇದ್ದ ಕೋಣೆ.

ಅದಕ್ಕೂ ಮುಂಚೆ ಈ ಭಾನುವಾರ ನಿಮ್ಮಮ್ಮನಿಗೆ ಫೋನ್ ಮಾಡು. ಮುಂದಿನ ವರ್ಷ ಬಂದು ಆರು ತಿಂಗಳು ಇರುವುದಾದರೆ ಮನೆಯ ಹತ್ತಿರ ಏನೇನು ಇರಬೇಕು ಅಂತ ಕೇಳು. ಏನೂ ಬೇಡ ಅನ್ನುತ್ತಾಳೆ ನನ್ನ ತಂಗಿ. ಇನ್ನೊಂದು ಸಲ ಕೇಳು. ಅವಳು ಹೇಳಿದ್ದನ್ನು ಹದಿನೈದನೇ ಕಾಲಂನಲ್ಲಿ ಬರೆದು ಹಾಳೆಯನ್ನು ನನಗೆ ಮತ್ತೆ ಕಳಿಸು.

ನಿನ್ನ
ದೊಡ್ಡಮ್ಮ